ದೇವರ ಪಾಲಿನ ಗುಂಪಿ

ಅನ್ನ ಬೆಂದಿತ್ತು. ಅದನ್ನು ನಂಬಲು ಮಾತ್ರ ಬಿಂದುಮಾಧವನಿಗೆ ಧೈರ್ಯ ಸಾಲದು. ಎಲೆಯ ಮೇಲಿನ ಅಗುಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಹಿಸುಕಿ ನೋಡುತ್ತ ಕೂತಿದ್ದ. ಬಡಿಸಲು ನಿಂತ ಹೆಂಡತಿ ಕಾಶೀಬಾಯಿ ಸಾರಿನ ಸೌಟು ಹಿಡಿದುಕೊಂಡು ಕಾಯ್ದಳು, ಬೇಸತ್ತು ಸೌಟನ್ನು ಪಾತ್ರೆಯೊಳಗೆ ಇಳಿಸಿದಳು. ಒಲೆಯ ಮುಂದೆ ಮಡಿಯಲ್ಲಿ ಕೂತಿದ್ದ ಅವ್ವ, ಅಂಬಾಬಾಯಿ, ಅಲ್ಲಿಂದಲೇ ಕತ್ತು ಚಾಚಿ ಮಗನ ಬೆರಳುಗಳನ್ನು ನೋಡಿದಳು.

“ಯಾಕೋ ಬಿಂದೂ, ಅನ್ನ ಬೆಂದಿಲ್ಲೇನು?”

“ಬೆಂದದವ್ವಾ.”

“ಮತ್ತ ಎಲ್ಲಾ ಅಗಳ ಯಾಕ ಹಿಚುಕ್ತೀ? ಒಂದಗಳ ಹಿಚುಕಿದ್ರ ಡಬರೀದೆಲ್ಲಾ ತಿಳೀತದ.”

ಅವನ ಕೈ ಅಲ್ಲೇ ನಿಂತಿತು. ಅವ್ವ ಬೇಕೆಂದು ಆಡಿದ ಮಾತಲ್ಲ, ಎಲ್ಲ ಅವ್ವಂದಿರೂ ಆಡುವ ಮಾತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು. ಬೆಳಗಿನಿಂದಲೂ ಅವನಿಗೆ ಹೆದರಿಕೆ. ಶುದ್ಧ ಹೆದರಿಕೆ. ಇವತ್ತು ಸಂಜೆ ಕೇಶ್ವಾಪುರದ ದಾರಿಯ ಹೊಸ ಗಾಯನದ ಹಾಲಿನಲ್ಲಿ ಮೊದಲ ಬೈಠಕ್ಕು. ಮಿರಜದಿಂದ ಗವಾಯಿ ಬುವಾ ಬಂದಿಳಿದಿದ್ದಾರೆ. ಹುಬ್ಬಳ್ಳಿಯ ಹೆಂಗಸರು ಈವರೆಗೆ ಗಾಯನ ಕೇಳಿದ್ದೆಲ್ಲ ಪರದೆಯ ಹಿಂದೆ ಕೂತು, ಇಲ್ಲವೆ ಕಿಟಕಿಯ ಹೊರಗೆ ನಿಂತು, ಕೂಸು ಅತ್ತರೆ ಎದ್ದು ಓಡಿ. ಈಗ ಅವರಿಗೆಂದೇ ಮೇಲೆ ಒಂದು ಗ್ಯಾಲರಿ. ಅದಕ್ಕೆ ಮುಂದುಗಡೆ ಕಂಬವಿಲ್ಲ. ಕಂಬ ಅಡ್ಡ ಬಂದರೆ ಕೆಳಗೆ ಕೂತ ಗಂಡಸರಿಗೆ ಬುವಾನ ಮುಖ ಕಾಣುವುದಿಲ್ಲವೆಂದು ಕಮಿಟಿಯವರು ಹಟ ಹಿಡಿದಿದ್ದರು. ಗೋಡೆಯಿಂದ ಹೊರಚಾಚಿ ಗಾಳಿಯಲ್ಲಿ ನಿಂತ ಕಾಂಕ್ರೀಟಿನ ಆ ಹಲಗೆಯ ಮೇಲೆ ಇವತ್ತು ಊರ ಹೆಂಗಸರೆಲ್ಲ ಕೂಡುತ್ತಾರೆ. ಆ ಕಾಂಕ್ರೀಟು ಎಷ್ಟು ಗಟ್ಟಿ ಎಂದು ಪುಣೆಯ ಯಂತ್ರದಲ್ಲಿ ಒಡೆದು ನೋಡುವುದಕ್ಕೆ ಮಾದರಿ ತುಂಬಿ ಕಳಿಸಿದವನು, ಇಂಜಿನಿಯರರ ಕೈಕೆಳಗೆ ಆ ಕೆಲಸ ನೋಡಿಕೊಳ್ಳುತ್ತಿದ್ದ ಅವನೇ. ಫಲ ಛಲೋ ಬಂದಿತ್ತು. ಅತಿ ಛಲೋ ಬಂದಿತ್ತು.

“ನಾ ಆ ಹಸರ ಇಳಕಲ್ಲು ಉಡತೇನಿ,” ಎಂದಳು ಕಾಶೀಬಾಯಿ. “ಮುಂದಿನ ಸಾಲಿನಾಗ ಜಾಗಾ ಹಿಡೀಬೇಕು.”

“ನೀ ಮ್ಯಾಲೆ ಹೋಗೂದಿಲ್ಲ.” ಅವನ ದನಿ ಅವನಿಗೇ ಒರಟಾಗಿ ಕೇಳಿತು. “ಬಂದವರಿಗೆ ಕುಂಕುಮಾ ಹಚ್ಚಲಿಕ್ಕೆ ಬಾಗಲದಾಗ ಯಾರರೆ ಬೇಕಂತ. ನಿನ್ನ ಹೆಸರು ಹೇಳಿ ಬಂದೇನಿ.”

ಸೌಟು ಮತ್ತೆ ಮೇಲೆ ಬಂತು, ಸಾರು ಬಿತ್ತು. ಮದುವೆಯಾದಾಗಿನಿಂದ ಅವಳು ಕೇಳಿದ್ದು ಇದೊಂದೇ, ಒಂದು ಪೂರಾ ಗಾಯನ ಮೊದಲಿನಿಂದ ಕಡೆಯವರೆಗೆ ಕೂತು ಕೇಳಬೇಕು ಎಂದು. ಅವಳ ಮುಖ ನೋಡುವ ಧೈರ್ಯವಾಗದೆ ಅವನು ಅವ್ವನತ್ತ ತಿರುಗಿದ. “ನೀನೂ ಹೊಂಟೀಯೇನವ್ವಾ?” ಎಂದ, ಉತ್ತರ ಗೊತ್ತಿದ್ದೂ.

“ನಮ್ಮಂಥಾವ್ರದೇನದ ಅಲ್ಲೆ? ಹೊಸಾ ಮಾಳಗಿ, ಮೊದಲನೇ ದಿನ, ಬೋಳತಲೀ ಕಣ್ಣಿಗೆ ಬಿದ್ರ ನಾಳೆ ಎಲ್ಲಾರೂ ನನ್ನ ಹೆಸರ್ಲೆ ಶಂಖಾ ಊದ್ತಾರ.” ಅಂಬಾಬಾಯಿ ನಕ್ಕು, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಸರಿಪಡಿಸಿಕೊಂಡು, ಮಗ್ಗುಲಿನ ಚೌಕಾಕಾರದ ಕಟ್ಟಿಗೆಯ ಡಬ್ಬಿಯಿಂದ ಅರಳೆ ತೆಗೆದು ಬತ್ತಿ ಹೊಸೆಯತೊಡಗಿದಳು. ಅವಳೊಬ್ಬಳಾದರೂ ಬರುವುದಿಲ್ಲ. ಅವನಿಗೆ ಎಂಥ ಸಮಾಧಾನವಾಯಿತೆಂದರೆ ನಾಚಿಕೆಯೂ ಆಯಿತು.

ಆ ಡಬ್ಬಿ ಡಬ್ಬಿಯಲ್ಲ, ಅಚ್ಚು. ಕಾಂಕ್ರೀಟು ತುಂಬಿ ಕ್ಯೂಬು ಮಾಡುವ ಅಚ್ಚು. ಅಂಥ ಹಲವು ಅಚ್ಚುಗಳನ್ನು ಯಾಕೂಬಸಾಬ ಬಡಿಗನಿಂದ ಮಾಡಿಸಿದ್ದ, ತುಂಬದೆ ಉಳಿದದ್ದು ಇದೊಂದೇ. ಗ್ಯಾಲರಿಗೆ ಕಾಂಕ್ರೀಟು ಸುರಿದ ದಿನ ಮೂಡಣದಲ್ಲಿ ಇನ್ನೂ ಕೆಂಪಿರುವಾಗಲೇ ಎಲ್ಲರೂ ನೆರೆದಿದ್ದರು. ಮೊದಲ ಗುಂಪಿ, ಎಂದರೆ ಒಂದು ಸಲಕ್ಕೆ ಕಲಿಸುವ ಮಾಲಿನ ಗುಡ್ಡೆ, ಅದನ್ನು ಕಲಿಸುವುದೆಂದರೆ ಸುಮ್ಮನೆಯೇ? ಜಲ್ಲಿಕಲ್ಲಿನ ಖಡಿ, ಉಸುಕು, ಸಿಮೆಂಟು ಗುಡ್ಡೆ ಹಾಕಿ ಅದರ ನೆತ್ತಿಗೆ ಸೇವಂತಿಗೆ ಇಟ್ಟು, ಕಾಯಿ ಒಡೆದು, ಊದುಬತ್ತಿ ಸಿಗಿಸಿದ್ದರು. ಗೌಂಡಿ ಮಡಿವಾಳಪ್ಪ ಎರಡೂ ಕೈಯಲ್ಲಿ ಒಂದು ಬೊಗಸೆ ಸಿಮೆಂಟು ತುಂಬಿಕೊಂಡು “ದೇವರ ಪಾಲು” ಎಂದು ಮೇಲಿನಿಂದ ಹಾಕಿದ. ಅದು ಗೌಂಡಿಗಳ ಪದ್ಧತಿ. ಅವನಾದ ಮೇಲೆ ಆಳುಗಳು, ಹೆಣ್ಣಾಳುಗಳು, ಕಮಿಟಿಯ ಚೇರಮನ್ನರು, ಇಂಜಿನಿಯರ್ ಯಜ್ಞೇಶ್ವರರಾಯರು, ಕಡೆಗೆ ಅವನೂ ಒಂದೊಂದು ಬೊಗಸೆ ಹೆಚ್ಚಿನ ಸಿಮೆಂಟು ಹಾಕಿದರು. ಅಚ್ಚುಗಳನ್ನೂ ಗುಂಪಿಯ ಮುಂದೆಯೇ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದರು, ಮುಂಜಿಯ ವಟುಗಳ ಹಾಗೆ. ಪೂಜೆಯಾದ ಅಚ್ಚಿಗೆ ಪೂಜೆಯಾದ ಮಾಲು. ಬೇರೆ ಗುಂಪಿಯಿಂದ ತುಂಬಬೇಕೆಂದು ಆ ಹೊತ್ತಿನಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಅವನೂ ಭಕ್ತಿಯಿಂದಲೇ ತುಂಬಿದ. ಅಚ್ಚಿನ ಮೂಲೆಗೆ ಸಿಕ್ಕಿಕೊಳ್ಳುವಂಥ ದಪ್ಪ ಖಡಿಯನ್ನು, ಅಕ್ಕಿಯೊಳಗಿನ ಕಲ್ಲು ಆರಿಸಿದಂತೆ ಆರಿಸಿ ಹೊರಗೆ ಎಸೆದ, ಕ್ಯೂಬಿನ ಮುಖ ನುಣ್ಣಗೆ ಬರಲಿ ಎಂದು. ಯಜ್ಞೇಶ್ವರರಾಯರು ಬೆನ್ನು ತಟ್ಟಿ, “ನಮ್ಮ ಬಿಂದೂ ಪುಣೆಕ್ಕ ಹೋಗಿ ಪರೀಕ್ಷೆ ಒಂದು ಬಿಟ್ಟು ಉಳಿದದ್ದೆಲ್ಲಾ ಕಲತು ಬಂದಾನ,” ಎಂದಿದ್ದರು. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ನಕ್ಕಾಗ ಹಲ್ಲಿನೊಳಗೆ ಸಿಮೆಂಟಿನ ಪುಡಿ ಕರಕರ ಎಂದಿತ್ತು.

“ಮಜ್ಜಿಗಿ ಬೇಕೇನ್ರಿ?” ಎಂದಳು ಕಾಶೀಬಾಯಿ. ಬೇಡವೆಂದು ಎದ್ದ.

ದುರ್ಗದಬೈಲಿನ ಗದ್ದಲದಲ್ಲಿ ನಡೆಯುತ್ತಿದ್ದಾಗ ಅವನ ಕಣ್ಣಿಗೆ ಬಿದ್ದದ್ದೆಲ್ಲ ಮಾದರಿಯೇ. ಕಾಳಿನ ಅಂಗಡಿಯವನು ಚೀಲದ ಬಾಯಿಯಿಂದ ಒಂದು ಮುಷ್ಟಿ ಜೋಳ ತೆಗೆದು ಗಿರಾಕಿಯ ಅಂಗೈಗೆ ಹಾಕುತ್ತಿದ್ದ. ಗಿರಾಕಿ ಅದನ್ನು ಊದಿ, ಬಾಯಿಗೆ ಹಾಕಿ ಕಡಿದು, ತಲೆಯಾಡಿಸುತ್ತಿದ್ದ. ಒಬ್ಬ ಮುದುಕ ಮಾತ್ರ ಅಂಗಡಿಯವನ ಮುಖವನ್ನೇ ನೋಡುತ್ತ ಮೊಣಕೈತನಕ ಚೀಲದೊಳಗೆ ಕೈ ಹಾಕಿ ತಳದ ಜೋಳ ತೆಗೆದ. “ಯಾಕ ಅಜ್ಜಾ, ನಂಬಿಗಿಲ್ಲೇನು?” ಎಂದು ಅಂಗಡಿಯವನು ರೇಗಿದ. ಮುದುಕ ಉತ್ತರ ಕೊಡದೆ ತಳದ ಕಾಳನ್ನು ಬಿಸಿಲಿಗೆ ಹಿಡಿದ. ತನಗೆ ಆ ಮುದುಕನಷ್ಟು ಬುದ್ಧಿಯಾದರೂ ಇರಬೇಡವೇ ಎಂದುಕೊಂಡು ಬಿಂದುಮಾಧವ ತಲೆ ತಗ್ಗಿಸಿ ಜೋರಾಗಿ ನಡೆದ. ಬುದ್ಧಿ ಇತ್ತಲ್ಲ. ಬಂದದ್ದು ಕಾಂಕ್ರೀಟು ಸುರಿದ ಆ ದಿನದ ಮಧ್ಯಾಹ್ನಕ್ಕೆ. ಆ ಹೊತ್ತಿಗೆ ದೇವರ ಪಾಲು ಮುಗಿದು ಮನುಷ್ಯರ ಪಾಲು ಶುರುವಾಗಿತ್ತು. ಮಳೆ ಹನಿದು ಸಿಮೆಂಟಿನ ಚೀಲಗಳು ಕೆಲವು ಗಂಟುಕಟ್ಟಿದ್ದವು, ಅವನ್ನು ಕುಟ್ಟಿ ಕುಟ್ಟಿ ಹಾಕುತ್ತಿದ್ದರು. ಆಳುಗಳ ತೋಳು ಸೋತಿದ್ದವು, ಕಲಿಸುವುದು ಹಗುರಾಗಲಿ ಎಂದು ನೀರು ಹೆಚ್ಚಿಗೆ ಬೀಳುತ್ತಿತ್ತು. ಸಂಜೆಯೊಳಗೆ ಮುಗಿಸದಿದ್ದರೆ ಒಣಗಿದ್ದಕ್ಕೂ ಹಸಿಯದಕ್ಕೂ ನಡುವೆ ಜೋಡಿನ ಗೆರೆ ಬೀಳುತ್ತದೆಂದು ರಾಯರು ಕೆಳಗಿನಿಂದ “ಲಗೂ ಲಗೂ” ಎಂದು ಕೂಗುತ್ತಿದ್ದರು. ಗ್ಯಾಲರಿಯ ಮೂಡಣ ತುದಿಗೆ, ಪಾವಟಿಗೆಯ ಮೆಟ್ಟಿಲು ಏರಿ ಬಂದೊಡನೆ ಕಾಲಿಡುವ ಜಾಗಕ್ಕೆ, ಬಿದ್ದ ಮಾಲಿನಲ್ಲಿ ಖಡಿ ಒಂದು ಕಡೆ, ನೀರು ಒಂದು ಕಡೆ. ಅವನು ಉಳಿದಿದ್ದ ಒಂದು ಅಚ್ಚನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಹೋದ. ಬಗ್ಗಿದ. ಬುಟ್ಟಿಯೊಳಗಿನದನ್ನು ನೋಡಿದ. ಇದನ್ನು ತುಂಬಿದರೆ ಪುಣೆಯಲ್ಲಿ ಇದು ಪುಡಿಯಾಗುತ್ತದೆ. ಪುಡಿಯಾದರೆ ಗ್ಯಾಲರಿ ಒಡೆಸಬೇಕು. ಒಡೆಸಿದವನು ಬಿಂದ್ಯಾ ಎಂದು ಊರೆಲ್ಲ ಅನ್ನುತ್ತದೆ, ಪರೀಕ್ಷೆ ಪಾಸಾಗದವನು ದೊಡ್ಡ ಪರೀಕ್ಷೆ ಮಾಡಲು ಹೋದ ಎಂದು. ಅಚ್ಚನ್ನು ಬೋರಲು ಹಾಕಿ ಅದರ ಮೇಲೆ ಕೂತ. ಕೆಲಸ ಮುಗಿಯುವವರೆಗೂ ಅದರ ಮೇಲೇ ಕೂತಿದ್ದ. ಮನೆಗೆ ಒಯ್ದಾಗ ಅವ್ವ, “ಬತ್ತೀ ಇಡಲಿಕ್ಕೆ ಛಲೋ ಆತು ನೋಡು,” ಎಂದಳು.

ಅವನು ಮುಟ್ಟಿದಾಗ ಗಾಯನದ ಹಾಲು ಖಾಲಿಯಿತ್ತು. ಜಮಖಾನೆ ಹಾಸಿದ್ದರು, ಒಂದು ಮೂಲೆಯಲ್ಲಿ ತೆಂಗಿನಕಾಯಿ ಮತ್ತು ಕುಬಸದ ಖಣಗಳ ರಾಶಿ. ಮೊದಲ ದಿನದ ಶುಭಕ್ಕೆ ಗಾಯನ ಮುಗಿದ ಮೇಲೆ ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬುವುದೆಂದು ಕಮಿಟಿಯವರು ಸಾರಿದ್ದರು. ಬಿಂದುಮಾಧವ ಮೂಡಣ ತುದಿಯ ಅಡಿಯಲ್ಲಿ ನಿಂತು ಮೇಲೆ ನೋಡಿದ. ಸುಣ್ಣ ಬಳಿದ ಬಿಳಿಯಲ್ಲಿ ಕೂದಲಿನಂಥ ಒಂದು ಗೆರೆ. ನಿನ್ನೆ ಇತ್ತೇ? ಇತ್ತು. ಇರಲಿಲ್ಲ. ಅಡಿಗೆ ಆಧಾರ ಕೊಟ್ಟ ಸೆಂಟ್ರಿಂಗು ಹಲಗೆ ಬಿಚ್ಚಿದ ದಿನ ಇದೇ ಜಾಗದಲ್ಲಿ ಚುರಮರಿ ಉಂಡೆಯ ಹಾಗೆ ಖಡಿ ಖಡಿ ಅಂಟಿಕೊಂಡು, ನಡುನಡುವೆ ಕತ್ತಲೆ ತೂತು ಕಂಡಿದ್ದವು. ಬೆರಳು ಹಾಕಿದರೆ ಎರಡನೇ ಗಿಣ್ಣಿನತನಕ ಹೋಗಿತ್ತು, ಒಳಗೆ ತಣ್ಣಗಿತ್ತು. ಮಡಿವಾಳಪ್ಪ ಅದಕ್ಕೆ ಎರಡು ಪದರು ಗಿಲಾವು ಬಳಿದು ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ್ದ. ಈಗಲೂ ಅವನೇ ಏಣಿಯ ಮೇಲಿದ್ದ, ತೋರಣ ಕಟ್ಟುತ್ತ.

“ಮಡಿವಾಳಪ್ಪಾ, ಆ ಗೆರಿ ನೋಡು.”

“ಗಿಲಾವಿನ ಬಿರುಕ್ರಿ ಅದು. ಒಣಗುವಾಗ ಎಲ್ಲಾ ಕಡೀ ಬೀಳತೈತಿ.”

“ಒಳಗಿಂದಲ್ಲಂತ ಹೆಂಗ ಹೇಳ್ತೀ?”

ಮಡಿವಾಳಪ್ಪ ತೋರಣದ ಹುರಿ ಹಲ್ಲಲ್ಲಿ ಕಚ್ಚಿಕೊಂಡು ಕೆಳಗೆ ನೋಡಿದ. “ಒಳಗ ಹೊಕ್ಕು ನೋಡಿದಾವ ಯಾರದಾನ್ರಿ? ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಪುಣೇದಾವ್ರು ನೋಡ್ಯಾರಲ್ಲ, ಅಷ್ಟ ಸಾಕು. ಅಂಜಬ್ಯಾಡ್ರಿ, ದೇವರ ಪಾಲು ಹಾಕೇವಿ.”

ಪುಣೆಯವರು ನೋಡಿದ್ದು ಏನನ್ನು? ಗೇಣುದ್ದದ ಕೆಲವು ಗಟ್ಟಿಗಳನ್ನು. ಅವು ಗ್ಯಾಲರಿಯಲ್ಲ, ಗ್ಯಾಲರಿಯ ನೆಂಟರೂ ಅಲ್ಲ. ಗ್ಯಾಲರಿ ಒಂದೇ ವಸ್ತುವೆಂದು ಎಲ್ಲರೂ ತಿಳಿದಿದ್ದಾರೆ, ಒಂದೇ ಹೆಸರು ಇರುವುದಕ್ಕೆ. ಅದರೊಳಗೆ ಬೆಳಗಿನ ಕಾಂಕ್ರೀಟು ಬೇರೆ, ಮಧ್ಯಾಹ್ನದ್ದು ಬೇರೆ. ಒಂದು ಮೊಳದಾಚೆ ಗಟ್ಟಿ, ಇನ್ನೊಂದು ಮೊಳದಾಚೆ ಟೊಳ್ಳು. ಹಾಗಾದರೆ ಆ ಅಚ್ಚನ್ನು ಮೂಡಣ ತುದಿಯಲ್ಲಿ ತುಂಬಿದ್ದರೆ ತಿಳಿಯುತ್ತಿತ್ತೇ? ಆ ಒಂದು ಬುಟ್ಟಿಯದು ತಿಳಿಯುತ್ತಿತ್ತು, ಅದರ ಪಕ್ಕದ ಬುಟ್ಟಿಯದಲ್ಲ. ಇಂಥ ಚಿಕ್ಕ ಅಚ್ಚಿನಲ್ಲಿ ಒಂದು ದಪ್ಪ ಖಡಿ ಬಿದ್ದರೆ ಒಂದು ಫಲ, ಬೀಳದಿದ್ದರೆ ಇನ್ನೊಂದು. ಮತ್ತೆಷ್ಟು ತುಂಬಬೇಕಿತ್ತು? ಗ್ಯಾಲರಿಯನ್ನೆಲ್ಲ ತುಂಡು ಮಾಡಿ ಪುಣೆಗೆ ಕಳಿಸಿದರೆ ಪೂರಾ ತಿಳಿಯುತ್ತಿತ್ತು, ಕೂಡಲು ಗ್ಯಾಲರಿ ಇರುತ್ತಿರಲಿಲ್ಲ. ಹೀಗೆ ಯೋಚಿಸುತ್ತ ಅವನಿಗೆ ಪುಣೆಯ ಪರೀಕ್ಷೆಯ ಕೋಣೆ ನೆನಪಾಯಿತು. ಎಲ್ಲ ಗೊತ್ತಿದ್ದು ಏನೂ ಬರೆಯಲಾಗದೆ ಕೂತ ಆ ಕೋಣೆ.

ದೀಪ ಹೊತ್ತಿಸುವ ಹೊತ್ತಿಗೆ ಟಾಂಗಾಗಳು ಬರತೊಡಗಿದವು. ಕಾಶೀಬಾಯಿ ಹಸಿರು ಇಳಕಲ್ಲು ಉಟ್ಟು ಪಾವಟಿಗೆಯ ಬುಡದಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಗಂಡನ ಕಡೆ ಒಮ್ಮೆಯೂ ನೋಡಲಿಲ್ಲ. ಹೆಂಗಸರು ಏರಿದರು, ಏರುತ್ತಲೇ ಇದ್ದರು. ಇಷ್ಟು ಹೆಂಗಸರು ಈ ಊರಲ್ಲಿ ಎಲ್ಲಿದ್ದರು? ಧಾರವಾಡದಿಂದ ರೈಲಿನಲ್ಲಿ ಬಂದವರೂ ಇದ್ದರು. ಬಸುರಿಯರು, ಕಂಕುಳಲ್ಲಿ ಕೂಸು ಇದ್ದವರು, ಸಾಲೆಗೆ ಹೋಗುವ ಹುಡುಗಿಯರು. ಅವರ ಕಾಲ ಸಪ್ಪಳ ಅವನ ತಲೆಯ ಮೇಲೆಯೇ ಆದಂತಾಗುತ್ತಿತ್ತು. ಬುವಾ ತಂಬೂರಿಯ ಶ್ರುತಿ ಕೂಡಿಸಿ ಷಡ್ಜ ಹಚ್ಚಿದರು. ಹಾಲಿನಲ್ಲಿದ್ದವರೆಲ್ಲ ಕಣ್ಣು ಮುಚ್ಚಿದರೆ ಬಿಂದುಮಾಧವ ಒಬ್ಬನೇ ಕಣ್ಣು ತೆರೆದು ಮೇಲಿನ ಗೆರೆ ನೋಡುತ್ತಿದ್ದ. ಗ್ಯಾಲರಿಯ ಅಂಚಿನ ಕಟಾಂಜನದ ಮೇಲೆ ಮುಖಗಳು ತುಂಬಿಕೊಂಡವು. ಬುವಾನ ಮುಖ ಚೆನ್ನಾಗಿ ಕಾಣುವುದು ಮೂಡಣ ತುದಿಯಿಂದಲೇ, ಆದ್ದರಿಂದ ಎಲ್ಲರೂ ಅತ್ತಲೇ ಸರಿಯುತ್ತಿದ್ದರು. ಅವನು ಎದ್ದ. ಗಂಡಸರ ಮೊಣಕಾಲು ದಾಟಿ, ಬೈಸಿಕೊಂಡು, ಮುಂದಿನ ಸಾಲಿನಲ್ಲಿ ಕೂತ ಯಜ್ಞೇಶ್ವರರಾಯರ ಕಿವಿಯಲ್ಲಿ, “ಕಾಕಾ, ಹೊರಗ ಬರ್ರಿ,” ಎಂದ. ರಾಯರು ಅವನ ಅಪ್ಪನ ಚಿಕ್ಕಪ್ಪನ ಮಗ. ಅಪ್ಪ ಸತ್ತ ಮೇಲೆ ಅವನಿಗೆ ಅನ್ನದ ದಾರಿ ಮಾಡಿಕೊಟ್ಟವರು. ಅವನ ಮುಖ ನೋಡಿ ಎದ್ದು ಬಂದರು.

ಪಡಸಾಲೆಯಲ್ಲಿ ಅವನು ಹೇಳಿದ. ಹೇಗೆ ಹೇಳಿದನೆಂಬುದು ಅವನಿಗೇ ತಿಳಿಯದು. ಅರ್ಧ ಬಾಯಲ್ಲಿ, ಅರ್ಧ ಕೈಸನ್ನೆಯಲ್ಲಿ.

“ಹುಚ್ಚ್ಯಾ, ಪುಣೇದ ಯಂತ್ರ ಸುಳ್ಳು ಹೇಳ್ತದೇನು?” ಎಂದರು ರಾಯರು.

“ಯಂತ್ರ ಖರೇನ ಹೇಳ್ಯದ ಕಾಕಾ. ನಾವು ಅದನ್ನ ಕೇಳಿದ್ದು ದೇವರ ಪಾಲಿನ ಗುಂಪೀದು. ಎಲ್ಲಾ ಕ್ಯೂಬೂ ಒಂದ ಗುಂಪೀವು. ಮೂಡಣ ತುದೀದು ಕೇಳೇ ಇಲ್ಲ.”

“ಎಲ್ಲಾರೂ ಮೊದಲನೇ ಗುಂಪೀದ ತಗೋತಾರೋ. ನಾ ಇಷ್ಟು ವರ್ಷ ಹಂಗ ಮಾಡೇನಿ. ಒಂದಗಳು...” ರಾಯರು ಅಷ್ಟಕ್ಕೇ ನಿಂತರು. ಆ ಗಾದೆ ಪೂರ್ತಿಯಾಗಲಿಲ್ಲ. ಕತ್ತು ಹೊರಳಿಸಿ ಒಳಗೆ, ಮೇಲೆ, ನೋಡಿದರು. “ಸೆಂಟ್ರಿಂಗ್ ಬಿಚ್ಚಿದಾಗ ಹೆಂಗಿತ್ತು?”

“ಬೆರಳು ಒಳಗ ಹೋತು.”

“ನನಗ್ಯಾಕ ಹೇಳಲಿಲ್ಲ?”

ಒಳಗಿನಿಂದ ಒಂದು ತಾನ ಏರಿ, ಕೇಳುಗರ “ವಾಹವಾ” ಎದ್ದಿತು. ರಾಯರು ಅವನ ತೋಳು ಹಿಡಿದರು, ಹಿಡಿತ ನೋಯುವಷ್ಟು ಬಿಗಿಯಾಗಿತ್ತು. “ಕೂಗಬ್ಯಾಡ. ಕೂಗಿದಿ ಅಂದ್ರ ಎಲ್ಲಾರೂ ಒಮ್ಮೆಲೆ ಪಾವಟಗಿ ಕಡೆ ಓಡತಾರ. ಪಾವಟಗಿ ಎಲ್ಲೆ ಅದ? ಅಲ್ಲೇ ಅದ. ತಿಳೀತಿಲ್ಲೋ? ಏನೂ ಆಗೂದಿಲ್ಲ. ಮುಂಜಾನೆ ಬಂದು ನೋಡೋಣು. ಹೋಗು, ಕೂಡು ಹೋಗು.” ಎಂದು ಧೋತರದ ಚುಂಗು ಸರಿಮಾಡಿಕೊಂಡು ಒಳಗೆ ಹೋದರು.

ಅವನಿಗೆ ಒಂದು ಗಳಿಗೆ ಹಗುರೆನಿಸಿತು. ದೊಡ್ಡವರು ಹೇಳಿದ್ದಾರೆ, ಏನೂ ಆಗುವುದಿಲ್ಲ. ಆಮೇಲೆ, ಮೊದಲ ಖ್ಯಾಲು ಮುಗಿಯುವ ಮುಂಚೆಯೇ, ಕಮಿಟಿಯ ಆಳೊಬ್ಬ ಮೇಲೆ ಹೋದದ್ದು ಕಂಡಿತು. ಸ್ವಲ್ಪ ಹೊತ್ತಿಗೆ ರಾಯರ ಹೆಂಡತಿ ಲಕ್ಷ್ಮೀಬಾಯಿ, ಮುಂದಿನ ಸಾಲಿನ ನಟ್ಟನಡುವೆ ಕೂತವರು, ಎದ್ದು, ಎಲ್ಲರ ಸೀರೆ ತುಳಿಯುತ್ತ, ಏಕೆ ಕರೆದರೋ ತಿಳಿಯದ ಮುಖ ಮಾಡಿಕೊಂಡು ಕೆಳಗೆ ಇಳಿದು ಬಂದರು. ರಾಯರು ತಿರುಗಿ ನೋಡಲಿಲ್ಲ. ಅವರ ಬೆನ್ನು ಮಾತ್ರ ಸಡಿಲಾಯಿತು. ಬಿಂದುಮಾಧವನಿಗೆ ಹೊಳೆಯಿತು. ಕಾಕಾ ತನ್ನ ಮಾತನ್ನು ನಂಬಿದ್ದಾರೆ. ಅವರು ನಗಬಹುದು, ಬೈಯಬಹುದು, ಕಪಾಳಕ್ಕೆ ಹೊಡೆಯಬಹುದು ಎಂದೆಲ್ಲ ಆಸೆ ಇಟ್ಟುಕೊಂಡಿದ್ದ, ನಂಬುತ್ತಾರೆಂದು ತಿಳಿದಿರಲಿಲ್ಲ. ಇನ್ನು ಈ ಹೆದರಿಕೆ ತನ್ನೊಬ್ಬನ ಹುಚ್ಚಲ್ಲ.

ಯಾರೋ ಅಂಗಿಯ ತೋಳು ಜಗ್ಗಿದರು. ಕಾಶೀಬಾಯಿ. ಅವನನ್ನು ತೆಂಗಿನಕಾಯಿಯ ರಾಶಿಯ ಹಿಂದೆ ಕರೆದೊಯ್ದಳು.

“ಕಾಕೂಗ ಏನಾಗೇದ್ರಿ? ತಲಿ ತಿರಗತದಂತ ಕೆಳಗ ಕರಸ್ಯಾರ, ಅವರಿಗೇ ಗೊತ್ತಿಲ್ಲ ತಲಿ ತಿರಗಿದ್ದು. ನನ್ನ ಬಾಗಲದಾಗ ನಿಲ್ಲಿಸಿದವ್ರು ನೀವು. ಮ್ಯಾಲೆ ಏನದ?”

“ಮೂಡಣ ತುದಿ... ಗಟ್ಟಿಲ್ಲ. ಗಟ್ಟಿ ಅದನೋ ಇಲ್ಲೋ ನನಗ ಗೊತ್ತಿಲ್ಲ. ಕೂಗಿದ್ರ ಎಲ್ಲಾರೂ ಅಲ್ಲೇ ಓಡತಾರ.”

ಏನೋ ಅನ್ನಲು ಬಾಯಿ ತೆರೆದವಳು ಆ ಮಾತನ್ನು ನುಂಗಿದಳು. “ಮ್ಯಾಲಿದ್ದವರು ಯಾರ ಮನ್ಯಾವ್ರು?” ಎಂದಳು. “ನನ್ನ ಕೆಳಗ ಇಟಗೊಂಡ್ರಿ, ಕಾಕಾ ಕಾಕೂನ್ನ ಇಳಿಸಿಕೊಂಡ್ರು. ಹಾಂ, ಛಲೋ.” ಇನ್ನೇನೂ ಹೇಳದೆ ತಟ್ಟೆಯನ್ನು ಲಕ್ಷ್ಮೀಬಾಯಿಯ ಕೈಗೆ ಕೊಟ್ಟು ಕಿವಿಯಲ್ಲಿ ಎರಡು ಮಾತಾಡಿದಳು. ಲಕ್ಷ್ಮೀಬಾಯಿಯ ಮುಖ ಸುಣ್ಣವಾಯಿತು. ಆದರೂ ಅವರು ಹಿಂಬದಿಯ ಅಂಗಳದ ಮಾಂಡವದ ಚಪ್ಪರದೊಳಗೆ ಚಾಪೆ ಹಾಸಿಸಿ, ಕಾಯಿ ಖಣ ತರಿಸಿಕೊಂಡು ಕೂತರು. ಕಾಶೀಬಾಯಿ ಸೆರಗು ಸಿಕ್ಕಿಸಿ ಮೇಲೆ ಏರಿದಳು. ಕಡೆಯ ಮೆಟ್ಟಿಲು ದಾಟಿ ಆ ಜಾಗದ ಮೇಲೆ ಅವಳ ಪಾದ ಬಿದ್ದದ್ದು ಅವನಿಗೆ ಕೆಳಗೆ ಗೊತ್ತಾಯಿತು.

“ಕೆಳಗ ಉಡಿ ತುಂಬಲಿಕ್ಕತ್ತಾರ್ರೀ,” ಅವಳ ದನಿ ಕೇಳಿಸಿತು, ಮದುವೆಮನೆಯ ದನಿ. “ಕಡೀಕ ಗದ್ದಲಾಗ್ತದ. ಈಗ ಐದೈದು ಮಂದಿ ಬರ್ರಿ, ಐದೈದು. ಗಡಿಬಿಡಿ ಮಾಡಬ್ಯಾಡ್ರಿ, ಕಾಯಿ ಎಲ್ಲಾರಿಗೂ ಅವ. ನೀವು ಕೂಡ್ರಿ ವೈನಿ, ಅವರು ಇಳೀಲಿ.”

ಐವರು ಇಳಿದರು. ಮತ್ತೆ ಐವರು. ಉಡಿ ಬಿಟ್ಟವರುಂಟೇ? ಹಾಡು ತಪ್ಪುತ್ತದೆಂದು ಗೊಣಗುತ್ತಲೇ ಬಂದರು. ಉಡಿ ತುಂಬಿಸಿಕೊಂಡವರನ್ನು ಲಕ್ಷ್ಮೀಬಾಯಿ ಅಲ್ಲೇ ತಡೆದು, “ಕೂಡ್ರಿ ಇಲ್ಲೇ, ಗಾಳಿ ಛಲೋ ಅದ, ಹಾಡು ಇಲ್ಲಿಗೂ ಕೇಳಸ್ತದ,” ಎನ್ನುತ್ತಿದ್ದರು. ಗಂಡಸರು ಹೆಂಗಸರ ಗದ್ದಲಕ್ಕೆ ಶ್ ಶ್ ಎಂದರು. ಒಬ್ಬ, “ಇವಕ್ಕ ಗಾಯನ ಯಾಕ ಬೇಕ್ರಿ, ಕಾಯಿ ಕೊಟ್ಟು ಮನೀಗೆ ಕಳಸ್ರಿ,” ಎಂದ. ಬಿಂದುಮಾಧವ ಗೆರೆಯ ಕೆಳಗೆ ನಿಂತೇ ಇದ್ದ. ಹೆಜ್ಜೆ ಬಿದ್ದಾಗೊಮ್ಮೆ ಅವನ ಭುಜ ತಾನಾಗಿ ಮೇಲಕ್ಕೇರುತ್ತಿತ್ತು, ಹೊರಬೇಕೇನೋ ಎಂಬಂತೆ. ಮೇಲಿಂದ ಸುಣ್ಣದ ಪುಡಿ ಒಂದಿಷ್ಟು ಅವನ ತೋಳಿಗೆ ಬಿತ್ತು. ಅದು ತೋರಣದ ಮೊಳೆಯ ಜಾಗದ್ದೋ, ಗೆರೆಯದೋ. ದೇವರೇ, ದೇವರೇ ಎಂದುಕೊಂಡ. ಯಾವ ದೇವರು ಎಂದು ಹೆಸರು ನೆನಪಾಗಲಿಲ್ಲ.

ಕಡೆಗೆ ಕಟಾಂಜನದ ಮೇಲೆ ಮುಖಗಳು ಉಳಿಯಲಿಲ್ಲ. ಕಾಶೀಬಾಯಿ ಇಳಿದು ಬಂದಳು. ಅವಳ ಕುತ್ತಿಗೆ ಬೆವರಿನಿಂದ ತೊಯ್ದಿತ್ತು. ಅವನಿಗೆ ಅಲ್ಲೇ, ಎಲ್ಲರೆದುರು, ಅವಳ ಕೈ ಹಿಡಿದು ಅಳಬೇಕೆನಿಸಿತು.

“ಎಲ್ಲಾರೂ ಬಂದರಲ್ಲ?”

“ಉಡಿ ತುಂಬಿಸ್ಕೊಳ್ಳಾವ್ರೆಲ್ಲಾ ಬಂದ್ರು.” ಅವಳು ಅವನ ಕಣ್ಣು ನೋಡಿದಳು. “ಕೆಂಪು ಸೀರಿಯವ್ರು ಕೂತಾರ. ಎಲ್ಲಾರೂ ಏರಿದ ಮ್ಯಾಲೆ ಸಪ್ಪಳಿಲ್ಲದ ಬಂದಿದ್ರು, ಯಾರಿಗೂ ಅಡ್ಡ ಬರಬಾರದಂತ. ಪಾವಟಗಿ ಬಾಜೂಕ, ಮೂಲ್ಯಾಗ ಕೂತಾರ. ಅವರನ್ನ ಏನಂತ ಕರೀಲಿ? ಉಡಿಗೆ ಕರೀಲ್ಯಾ?”

ಪಾವಟಿಗೆಯ ಬಾಜೂಕೆ. ಅದೇ ಜಾಗ. ಅದರ ಮೇಲೇ.

“ಅತ್ತೀನೂ ಅಲ್ಲೇ ಇದ್ದಾರ,” ಎಂದಳು ಕಾಶೀಬಾಯಿ.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೇಲಿನ ಗೆರೆಯತ್ತ ತಲೆ ಎತ್ತಿದ. “ನಿನಗ ಆವಾಗಿಂದ ಗೊತ್ತಿತ್ತು?”

“ಬಾಗಲದಾಗ ನನಗ ಕಂಡ್ರು. ಬಿಂದೂಗ ಹೇಳಬ್ಯಾಡ, ಬೈತಾನ ಅಂದ್ರು.” ಅವಳು ಪಾವಟಿಗೆಯತ್ತ ಕೈ ತೋರಿದಳು. “ಆವಾಗ ನಿಮಗ ಹೇಳಿದ್ರ, ಅವರೊಬ್ಬರನ್ನ ಇಳಿಸಿಕೊಂಡು ಸುಮ್ಮನಾಗತಿದ್ರಿ. ಹೋಗ್ರಿ ಈಗ. ಅವರಿಗೆ ಸುಳ್ಳು ಹೇಳಲಿಕ್ಕೆ ಬರೂದಿಲ್ಲ, ಖರೇನ ಹೇಳಬೇಕು. ಅದು ನನ್ನ ಕೆಲಸಲ್ಲ.”

ಪಾವಟಿಗೆ ಏರುವಾಗ ಅವನು ಗೋಡೆ ಹಿಡಿದುಕೊಂಡು ಏರಿದ. ಖಾಲಿ ಗ್ಯಾಲರಿಯ ಮೇಲೆ ಬಿಟ್ಟುಹೋದ ಹೂವು, ಒಂದು ಕೂಸಿನ ಕುಲಾಯಿ. ಮೂಲೆಯಲ್ಲಿ ಕೆಂಪು ಸೀರೆಯ ಮುದುಕಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು, ಇಡೀ ಗ್ಯಾಲರಿ ಖಾಲಿಯಾದರೂ ಮುಂದೆ ಸರಿದಿರಲಿಲ್ಲ. ಅವ್ವ ಗೋಡೆಗೆ ಒರಗಿ, ಬೋಳುತಲೆಯ ಸೆರಗು ಜಾರಿದ್ದೂ ತಿಳಿಯದೆ, ಕೇಳುತ್ತಿದ್ದಳು. ಅವಳ ಮುಖದಲ್ಲಿ ಅವನು ಹಿಂದೆಂದೂ ಕಾಣದ ಒಂದು ಕಳೆಯಿತ್ತು. ಮಗನನ್ನು ಕಂಡು ಅದು ಆರಿತು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಮುಖವಾಯಿತು.

“ಒಂದ ಹಾಡು ಕೇಳಿ ಬರಬೇಕಂತ ಬಂದೆ,” ಎಂದಳು.

ಅವನು ಕುಕ್ಕರಗಾಲಿನಲ್ಲಿ ಕೂತ. “ಅವ್ವಾ, ಎಲ್ಲಾರೂ ಏಳ್ರಿ. ಸಾವಕಾಶ, ಒಬ್ಬೊಬ್ಬರ. ಈ ಜಾಗಾ ಗಟ್ಟಿಲ್ಲ. ಗಟ್ಟಿಲ್ಲಂತ ನನಗ ಮೊದಲಿಂದ ಅನುಮಾನ ಇತ್ತು. ನೋಡಬೇಕಾಗಿತ್ತು, ನೋಡಲಿಲ್ಲ.”

ಮುದುಕಿಯರು ರಾಮ ರಾಮಾ ಎನ್ನುತ್ತ ಗೋಡೆ ಹಿಡಿದು ಎದ್ದರು, ಒಬ್ಬರ ಹಿಂದೆ ಒಬ್ಬರು ಇಳಿದುಹೋದರು. ಅವರಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಅವ್ವ ಏಳಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದಳು.

“ಅದಕ್ಕ ಅವರನ್ನೆಲ್ಲಾ ಕರದು ಕೆಳಗ ಒಯ್ದ್ರಿ?”

“ಹೂನವ್ವಾ. ಏಳು.”

“ಉಡಿ ತುಂಬಿ ಒಯ್ದ್ರಿ. ನಮಗ ಅಂಜಿಕಿ ತುಂಬಲಿಕ್ಕೆ ಬಂದಿ. ಎಲ್ಲಾರೂ ಇಳದ ಮ್ಯಾಲೆ.”

ನೀನು ಮನೆಯಲ್ಲಿದ್ದಿ ಎಂದುಕೊಂಡಿದ್ದೆ ಎಂದು ಹೇಳಬಹುದಿತ್ತು, ಅದು ಖರೆಯೂ ಆಗಿತ್ತು. ಆದರೆ ಉಳಿದ ಮುದುಕಿಯರು? ಅವರು ಯಾರ ಲೆಕ್ಕದಲ್ಲೂ ಇರಲಿಲ್ಲ. ಕೆಳಗೆ ಬುವಾ ಖ್ಯಾಲು ಮುಗಿಸಿ ಒಂದು ದಾಸರ ಪದ ಎತ್ತಿಕೊಂಡರು. ಅಂಬಾಬಾಯಿಯ ಕತ್ತು ಆ ಕಡೆ ಹೊರಳಿತು.

“ಏಳವ್ವಾ, ನಿನ್ನ ಕಾಲಿಗೆ ಬೀಳ್ತೇನಿ.”

“ಪದಾ ಮುಗೀಲಿ. ಇದಕ್ಕಂತ ಬಂದೇನಿ. ನಿನಗ ಅಂಜಿಕಿ ಆದ್ರ ನೀ ಇಳದು ಹೋಗು.”

ಅವನಿಗೆ ಅಂಜಿಕೆಯಾಗಿತ್ತು. ಇಳಿದುಹೋಗುವುದಕ್ಕೆ ಪಾವಟಿಗೆ ಕೈಯಳತೆಯಲ್ಲಿತ್ತು. ಅವನು ಅವ್ವನ ಮಗ್ಗುಲಿಗೆ ಕೂತ, ತನ್ನ ಭಾರ ಕಡಿಮೆಯಾದೀತೇನೋ ಎಂಬಂತೆ ಉಸಿರು ಹಿಡಿದು. ಅಂಬಾಬಾಯಿ ಕಣ್ಣು ಮುಚ್ಚಿ ಬಲಗೈಯ ಬೆರಳುಗಳಿಂದ ನೆಲದ ಮೇಲೆ ತಾಳ ಹಾಕತೊಡಗಿದಳು. ಒಂದು ಕಡೆ ಬೆರಳು ಬಿದ್ದರೆ ಟಕ್ ಎನ್ನುತ್ತಿತ್ತು, ಒಂದು ಗೇಣು ಈಚೆ ಬಿದ್ದರೆ ಟೊಳ್ಳು ಬಡಿದಂತೆ ಡಬ್ ಎನ್ನುತ್ತಿತ್ತು. ಅವಳಿಗೆ ಆ ವ್ಯತ್ಯಾಸ ಕೇಳಿಸುತ್ತಿರಲಿಲ್ಲ. ಟಕ್, ಡಬ್, ಡಬ್. ತಾಳ ತಪ್ಪದೆ ಬೀಳುತ್ತಿತ್ತು. ಬಿಂದುಮಾಧವ ತನ್ನ ಅಂಗೈಯನ್ನು ಚಾಚಿ ಅವಳ ಬೆರಳುಗಳ ಕೆಳಗೆ, ಆ ನೆಲದ ಮೇಲೆ ಇಟ್ಟ. ಅವ್ವ ಕಣ್ಣು ತೆರೆಯಲಿಲ್ಲ, ಕೈಯನ್ನೂ ಸರಿಸಲಿಲ್ಲ. ಪದ ಇನ್ನೂ ಎರಡನೆಯ ನುಡಿಯಲ್ಲಿತ್ತು.